ಮಗ ಎದ್ದೇಳ್ತಾನೇನಪ್ಪಾ?

ಬೆಳಗಿನ ಜಾವ ಐದು ಗಂಟೆ. ಬೆಂಗಳೂರಿನ ಆಸ್ಪತ್ರೆಯೊಂದರ ಎದುರಿನ ಲಾಡ್ಜು. ಎಂಟು ಗಂಟೆಗೆ ಅಕ್ಕನ ಮಗನಿಗೆ ಆಪರೇಷನ್. ಐದು ವರ್ಷದ ಹುಡುಗ, 16 ಕೆಜಿ ತೂಕ. ಅತ್ತಾಗ, ಕೆಮ್ಮಿದಾಗ ತೊಡೆಸಂದಿಯಲ್ಲಿ ಒಂದು ಉಬ್ಬು ಎದ್ದು ಕಾಣ್ತಿತ್ತು. ಹರ್ನಿಯಾ. "ಕೊಯ್ಯೋದೇನಿಲ್ಲ, ಮೂರು ಸಣ್ಣ ತೂತು ಸಾಕು, ಸಂಜೆಗೆ ಮನೆಗೆ ಹೋಗಬಹುದು" ಅಂದಿದ್ದರು ಡಾಕ್ಟರು.

ನಮ್ಮೂರು ಪರಶುರಾಂಪುರ. ಚಳ್ಳಕೆರೆ ತಾಲ್ಲೂಕು, ಆಂಧ್ರದ ಗಡಿಗೆ ಅಂಟಿಕೊಂಡಿರೋ ಹೋಬಳಿ. ಅಲ್ಲಿಂದ ಅಕ್ಕನ ಜೊತೆ ನಮ್ಮವ್ವನೂ ಬಂದಿದ್ದಳು. ತೂತಿನ ಬಗ್ಗೆ ಅವ್ವನಿಗೆ ಚಿಂತೆಯೇ ಇರಲಿಲ್ಲ. ಶೇಂಗಾ ಹೊಲದಲ್ಲಿ ಕುಡುಗೋಲು ಬಡಿದು ಕಾಲು ಸೀಳಿಕೊಂಡವಳು ಅವಳು, ಗಾಯ ಅವಳಿಗೆ ಗೊತ್ತು. ಅವಳ ಪ್ರಶ್ನೆ ಬೇರೆ. "ಮತ್ತು ಕೊಡ್ತಾರಂತಲ್ಲ. ಮಗ ಎದ್ದೇಳ್ತಾನೇನಪ್ಪಾ?"

"ಈಗೆಲ್ಲಾ ಏನೂ ಆಗಲ್ಲ ಬಿಡವ್ವ" ಅಂದೆ. ಏನೂ ಗೊತ್ತಿಲ್ಲದೆ ಹೇಳಿದ ಮಾತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. "ಮಗು ರಾತ್ರಿಯಿಂದ ಏನೂ ತಿಂದಿಲ್ಲ ತಾನೇ?" ಅಂತ ಕೇಳಿದರು. "ಇಲ್ಲ ಸರ್, ಏನೂ ಇಲ್ಲ" ಅಂದೆ. ಫೋನ್ ಇಟ್ಟು ತಿರುಗಿ ನೋಡಿದರೆ ಹುಡುಗನ ಅಂಗಿ ಮೇಲೆ ಬಿಸ್ಕತ್ತಿನ ಪುಡಿ. ಅವ್ವ ಮುಖ ಆಚೆ ತಿರುಗಿಸಿದಳು. "ಎರಡೇ ಎರಡು ಕಣಪ್ಪಾ. ಹಸಕೊಂಡು ಅಳ್ತಿತ್ತು ಕೂಸು."

ಆ ಎರಡು ಬಿಸ್ಕತ್ತಿನ ಕತೆಗೆ ಆಮೇಲೆ ಬರ್ತೀನಿ. ಅವ್ವನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಕೆ ಹೋದವನಿಗೆ ಮುಂದಿನ ಕೆಲವು ತಿಂಗಳು ರಾತ್ರಿಯೆಲ್ಲಾ ಓದಿಗೇ ಹೋಯ್ತು. ಮಕ್ಕಳನ್ನ ಮಲಗಿಸೋದು ಹೇಗೆ ಅಂತ ವೈದ್ಯರು ಬೇಗನೇ ಕಲಿತರು. ಮಲಗೋ ಮೊದಲು ಆ ಮಗುವಿಗೆ ಏನನಿಸುತ್ತೆ ಅಂತ ಕೇಳಿಕೊಳ್ಳೋಕೆ ಮಾತ್ರ ನೂರು ವರ್ಷ ಬೇಕಾಯ್ತು. ಈ ಬರಹ ಆ ನೂರು ವರ್ಷದ್ದು.

ಮೊದಲು ಅವ್ವನ ವಿದ್ಯೆಯಿಂದಲೇ ಶುರು ಮಾಡೋಣ. ನಮ್ಮ ಕಡೆ ರಚ್ಚೆ ಹಿಡಿದ ಕೂಸಿಗೆ ಜಾಯಿಕಾಯಿ ತೇಯ್ದು ನೆಕ್ಕಿಸ್ತಿದ್ದರು. ಸಾಣೆಕಲ್ಲಿನ ಮೇಲೆ ಹಾಲು ಹನಿಸಿ ಒಂದು ಸುತ್ತು, ಎರಡು ಸುತ್ತು. ವಯಸ್ಸಿಗೆ ತಕ್ಕ ಹಾಗೆ ಸುತ್ತು ಹೆಚ್ಚೋದು. ಅಂದರೆ ಡೋಸು ಅನ್ನೋ ಲೆಕ್ಕ ನಮ್ಮವ್ವನ ಹತ್ತಿರವೂ ಇತ್ತು. ಆದರೆ ಯಾವ ಕಾಯಿಯಲ್ಲಿ ಸತ್ವ ಎಷ್ಟಿದೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಜಾಯಿಕಾಯಿ ಜಾಸ್ತಿಯಾದರೆ ವಿಷ. ಇದಕ್ಕಿಂತ ಭಯಂಕರವಾದದ್ದು ಅಫೀಮು. 19ನೇ ಶತಮಾನದ ಇಂಡಿಯಾದಲ್ಲಿ ಕೂಲಿಗೆ ಹೋಗುವ ತಾಯಂದಿರು ಕೂಸಿಗೆ ಅಫೀಮು ಕೊಟ್ಟು ಮಲಗಿಸೋದು ಸಾಮಾನ್ಯವಾಗಿತ್ತು. ನಮ್ಮನ್ನ ಆಳ್ತಿದ್ದವರೂ ಏನೂ ಕಮ್ಮಿ ಇರಲಿಲ್ಲ. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ 'ಗಾಡ್‌ಫ್ರೀಸ್ ಕಾರ್ಡಿಯಲ್' ಅನ್ನೋ ಅಫೀಮಿನ ಪಾಕ ಅಂಗಡಿಯಲ್ಲೇ ಸಿಗ್ತಿತ್ತು. ಎಷ್ಟೋ ಕೂಸುಗಳು ಮಲಗಿದವು ಏಳಲಿಲ್ಲ. ಅವ್ವನ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಆಪರೇಷನ್ನಿನ ಮಾತು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಅನ್ನೋ ದಂತವೈದ್ಯ ಈಥರ್ ಆವಿ ಮೂಸಿಸಿ ರೋಗಿಯನ್ನ ಮಲಗಿಸಿದ. ಸರ್ಜನ್ನು ಕತ್ತಿನ ಗೆಡ್ಡೆ ತೆಗೆದ. ಅರಿವಳಿಕೆಯ ಇತಿಹಾಸವನ್ನ ಎಲ್ಲರೂ ಶುರು ಮಾಡೋದು ಇಲ್ಲಿಂದ. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ ಅಮೆರಿಕದ ಜಾರ್ಜಿಯಾದಲ್ಲಿ ಕ್ರಾಫರ್ಡ್ ಲಾಂಗ್ ಅನ್ನೋ ಹಳ್ಳಿ ಡಾಕ್ಟರು ಈಥರ್ ಬಳಸಿದ್ದ. 1842ರ ಜುಲೈನಲ್ಲಿ ಅವನು ಒಬ್ಬ ಹುಡುಗನ ಕಾಲ್ಬೆರಳು ಕತ್ತರಿಸಿ ತೆಗೆದ. ಆ ಹುಡುಗ ಗುಲಾಮ. ಲಾಂಗ್ ಆಮೇಲೆ ಬರೆದ ವರದಿಯಲ್ಲಿ ಅವನು ಯಾರ ಸ್ವತ್ತು ಅನ್ನೋದು ದಾಖಲಾಗಿದೆ. ಅರಿವಳಿಕೆ ಪಡೆದ ಮೊದಲ ಮಕ್ಕಳಲ್ಲಿ ಅವನೂ ಒಬ್ಬ. ಅವನಿಗೆ ಭಯ ಆಯ್ತಾ ಅಂತ ಬರೆಯೋ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಬಾಸ್ಟನ್ನಿನ ಸುದ್ದಿ ಹಡಗು ಹತ್ತಿ 1847ರ ಮಾರ್ಚ್ ಹೊತ್ತಿಗೆ ಕಲ್ಕತ್ತಾ ಮುಟ್ಟಿತು. ಆಗ ಮೈಸೂರು ಸೀಮೆಯನ್ನ ಬೆಂಗಳೂರಲ್ಲಿ ಕೂತು ಕಮಿಷನರ್ ಮಾರ್ಕ್ ಕಬ್ಬನ್ ಆಳ್ತಿದ್ದ. ನಮ್ಮ ಚಿತ್ರದುರ್ಗವೂ ಅವನ ಕೈಕೆಳಗೇ ಇತ್ತು. ಅದೇ ವರ್ಷ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ತಂದ. ಈಥರಿನ ಹಾಗೆ ಗಂಟಲು ಉರಿಸಲ್ಲ, ಬೇಗ ಹಿಡಿಯುತ್ತೆ, ಬೆಂಕಿ ಹತ್ತಿಕೊಳ್ಳಲ್ಲ. ನಮ್ಮ ಸಿನಿಮಾಗಳಲ್ಲಿ ವಿಲನ್ ಕರ್ಚೀಫಿಗೆ ಹಾಕಿ ನಾಯಕಿಯ ಮೂಗಿಗೆ ಒತ್ತುತ್ತಾನಲ್ಲ, ಅದೇ. ಸಿನಿಮಾದ ಹಾಗೆ ಎರಡು ಸೆಕೆಂಡಿಗೆ ಯಾರೂ ಬೀಳಲ್ಲ, ಕೆಲವು ನಿಮಿಷವೇ ಬೇಕು. ಬಿದ್ದವರು ಏಳ್ತಾರೆ ಅನ್ನೋ ಖಾತ್ರಿಯೂ ಇರಲಿಲ್ಲ.

ಈ ಮಾತಿಗೆ ಸಾಕ್ಷಿ ಹ್ಯಾನಾ ಗ್ರೀನರ್. ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಹಳ್ಳಿ ಹುಡುಗಿ, 15 ವರ್ಷ. ಕಾಲ್ಬೆರಳಿನ ಉಗುರು ಮಾಂಸಕ್ಕೆ ಇಳಿದಿತ್ತು. ಒಂದು ಉಗುರನ್ನ ಮೊದಲೇ ಈಥರ್ ಕೊಟ್ಟು ತೆಗೆದಿದ್ದರು, ಬದುಕಿದ್ದಳು. ಇನ್ನೊಂದಕ್ಕೆ 1848ರ ಜನವರಿ 28ರಂದು ಮನೆಯಲ್ಲೇ ಕುರ್ಚಿ ಮೇಲೆ ಕೂರಿಸಿ ಕ್ಲೋರೋಫಾರಂ ಮೂಸಿಸಿದರು. ಕೆಲವೇ ನಿಮಿಷದಲ್ಲಿ ಸತ್ತಳು. ಕ್ಲೋರೋಫಾರಂನಿಂದ ಸತ್ತವರ ಪೈಕಿ ದಾಖಲಾದ ಮೊದಲ ಹೆಸರು ಅವಳದ್ದು. ಉಗುರು ತೆಗೆಯೋದಕ್ಕೆ ಒಂದು ಜೀವ. ಡಾಕ್ಟರು ಕೊಟ್ಟ ಹೇಳಿಕೆಯಲ್ಲಿ ಒಂದು ವಿವರ ಇದೆ: ಹುಡುಗಿ ಆಪರೇಷನ್ನಿಗೆ ಬಹಳ ಹೆದರಿದ್ದಳು, ಬಿಕ್ಕಿ ಬಿಕ್ಕಿ ಅಳ್ತಿದ್ದಳು. ಆಗ ಆ ವಿವರವನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಮುಂದಿನ 40 ವರ್ಷ ಡಾಕ್ಟರುಗಳು ಜಗಳ ಆಡಿದ್ದು ಒಂದೇ ವಿಷಯಕ್ಕೆ: ಕ್ಲೋರೋಫಾರಂ ಕೊಲ್ಲೋದು ಉಸಿರು ನಿಲ್ಲಿಸಿಯಾ, ಹೃದಯ ನಿಲ್ಲಿಸಿಯಾ? ಈ ಜಗಳದ ದೊಡ್ಡ ಪಂಚಾಯ್ತಿ ನಡೆದದ್ದು ಲಂಡನ್ನಿನಲ್ಲಲ್ಲ, ಹೈದರಾಬಾದಿನಲ್ಲಿ. ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ದುಡ್ಡು ಕೊಟ್ಟ, ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಮುಂದಾಳತ್ವ ವಹಿಸಿದ. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು, ಹೀಗೆ ಎರಡು ಕ್ಲೋರೋಫಾರಂ ಆಯೋಗ ಕೂತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಅನ್ನೋ ಹೆಸರಾಂತ ವೈದ್ಯನನ್ನ ನಿಜಾಮನ ಖರ್ಚಿನಲ್ಲೇ ಕರೆಸಿದರು. ಬೀದರ್, ಗುಲ್ಬರ್ಗ, ರಾಯಚೂರು ಆಗ ನಿಜಾಮನ ಸೀಮೆ. ಹಾಗಾಗಿ ಆ ಖಜಾನೆಯಲ್ಲಿ ನಮ್ಮ ಕನ್ನಡದ ರೈತರ ಕಂದಾಯವೂ ಇತ್ತು. ಅರಿವಳಿಕೆಯ ಇತಿಹಾಸಕ್ಕೆ ನಮ್ಮವರ ಕಾಣಿಕೆ ಅಂತ ನಾನಂತೂ ಎದೆ ತಟ್ಟಿ ಹೇಳ್ತೀನಿ. ಅದೇ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊಟ್ಟಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರು.

ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಆಯೋಗ ಹೇಳಿದ್ದು: ಉಸಿರಾಟ ನೋಡ್ತಾ ಇರಿ, ಹೃದಯದ ಚಿಂತೆ ಬೇಡ. ಉಸಿರಾಟ ನೋಡಿ ಅನ್ನೋದು ಒಳ್ಳೇ ಸಲಹೆ. ಹೃದಯದ ಚಿಂತೆ ಬೇಡ ಅನ್ನೋದು ತಪ್ಪು. ಆ ತಪ್ಪು ಗೊತ್ತಾಗಿದ್ದು 1911ರಲ್ಲಿ, ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗದಿಂದ. ಕ್ಲೋರೋಫಾರಂ ಕೊಂಚವೇ ಹತ್ತಿರುವಾಗ ರಕ್ತದಲ್ಲಿ ಅಡ್ರಿನಲಿನ್ ಏರಿದರೆ ಹೃದಯ ಲಯ ತಪ್ಪಿ ಅದುರಿ ನಿಂತುಬಿಡುತ್ತೆ ಅಂತ ತೋರಿಸಿದ. ಅಡ್ರಿನಲಿನ್ ಯಾವಾಗ ಏರುತ್ತೆ? ಹೆದರಿದಾಗ.

ಇಲ್ಲಿಗೆ ಬಂದಾಗ ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹ್ಯಾನಾ ಯಾಕೆ ಸತ್ತಳು ಅನ್ನೋದಕ್ಕೆ ಇವತ್ತಿಗೂ ಎರಡು ಮೂರು ವಾದ ಇವೆ. ಅವಳ ಭಯವೇ ಅವಳ ಹೃದಯ ನಿಲ್ಲಿಸಿರಬಹುದು ಅನ್ನೋದು ಅದರಲ್ಲಿ ಒಂದು. ಭಯ ಬರೀ ಮನಸ್ಸಿನ ಮಾತಲ್ಲ. ಅದು ರಕ್ತದಲ್ಲಿ ಹರಿಯೋ ಒಂದು ರಾಸಾಯನಿಕ. ಡಾಕ್ಟರು ಕೊಡೋ ಔಷಧಿಯ ಜೊತೆ ಅದೂ ಒಳಗೆ ಸೇರಿಕೊಳ್ಳುತ್ತೆ.

ಇದೇ ಹೊತ್ತಿನಲ್ಲಿ ಗ್ಲಾಸ್ಗೋದಲ್ಲಿ ಇನ್ನೊಬ್ಬ ಪುಣ್ಯಾತ್ಮ ಇದ್ದ, ಜೇಮ್ಸ್ ನಿಕೋಲ್. 1909ರಲ್ಲಿ ತನ್ನ ಹತ್ತು ವರ್ಷದ ಲೆಕ್ಕ ಒಪ್ಪಿಸಿದ: 8988 ಆಪರೇಷನ್, ಬಹುಪಾಲು ಮಕ್ಕಳಿಗೆ, ಹರ್ನಿಯಾವೂ ಸೇರಿ. ಯಾರನ್ನೂ ವಾರ್ಡಿನಲ್ಲಿ ಮಲಗಿಸಿಕೊಳ್ಳಲಿಲ್ಲ, ಅವತ್ತೇ ಮನೆಗೆ ಕಳಿಸಿದ. ಮಗು ತಾಯಿ ತೋಳಿನಲ್ಲಿ ಇದ್ದರೆ ವಾರ್ಡಿಗಿಂತ ಚೆನ್ನಾಗಿ ವಾಸಿ ಆಗುತ್ತೆ ಅನ್ನೋದು ಅವನ ನಂಬಿಕೆ. ಇವತ್ತು 'ಡೇ ಕೇರ್' ಅಂತ ಇನ್ಶೂರೆನ್ಸ್ ಫಾರಂನಲ್ಲಿ ಟಿಕ್ ಹಾಕ್ತೀವಲ್ಲ, ಅದರ ಮೂಲಪುರುಷ ಇವನು. ಆದರೆ ಬೇರೆ ಆಸ್ಪತ್ರೆಗಳು ಕೇಳಲಿಲ್ಲ. ಮಗುವನ್ನ ಬಾಗಿಲಲ್ಲಿ ಕಿತ್ತುಕೊಂಡು, ನಾಲ್ಕು ಜನ ಹಿಡಿದು, ಮುಖಕ್ಕೆ ಮಾಸ್ಕ್ ಒತ್ತೋದು ಹಾಗೇ ನಡೆಯಿತು. 1945ರಲ್ಲಿ ಡೇವಿಡ್ ಲೆವಿ ಅನ್ನೋ ಅಮೆರಿಕದ ಮನೋವೈದ್ಯ ಆಪರೇಷನ್ ಆಗಿ ಬಂದ ಮಕ್ಕಳನ್ನ ಗಮನಿಸಿ ಬರೆದ. ರಾತ್ರಿ ಚೀರಿ ಏಳೋದು, ಕತ್ತಲಿಗೆ ಹೆದರೋದು, ತಾಯಿಯನ್ನ ಬಿಡದೇ ಇರೋದು ತಿಂಗಳುಗಟ್ಟಲೆ ಇರ್ತಿತ್ತು. ಯುದ್ಧದಿಂದ ಬಂದ ಸೈನಿಕರ ಮಾನಸಿಕ ಪೆಟ್ಟಿಗೆ ಅವನು ಇದನ್ನ ಹೋಲಿಸಿದ. ಇಬ್ಬರು ಲೆವಿಗಳು, ಒಬ್ಬ ಭಯ ಹೃದಯಕ್ಕೆ ಏನು ಮಾಡುತ್ತೆ ಅಂತ ತೋರಿಸಿದ, ಇನ್ನೊಬ್ಬ ಮನಸ್ಸಿಗೆ ಏನು ಮಾಡುತ್ತೆ ಅಂತ.

ಭಯದ್ದು ಹೀಗಾದರೆ ನೋವಿನದ್ದು ಇನ್ನೂ ಬೇಜಾರಿನ ಕತೆ. ಹಸುಗೂಸಿಗೆ ನರಮಂಡಲ ಬಲಿತಿರಲ್ಲ, ಅದಕ್ಕೆ ನೋವು ಗೊತ್ತಾಗಲ್ಲ ಅನ್ನೋ ನಂಬಿಕೆ 1980ರ ದಶಕದವರೆಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿತ್ತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಕೈಕಾಲು ಆಡದ ಹಾಗೆ ಸ್ನಾಯು ಸಡಿಲಿಸೋ ಔಷಧಿ, ಜೊತೆಗೆ ಸ್ವಲ್ಪ ನೈಟ್ರಸ್ ಆಕ್ಸೈಡ್ ಕೊಟ್ಟು ಎದೆ ತೆರೀತಿದ್ದರು. ಅಳೋಕೂ ಆಗದ ಕೂಸು. ಇದನ್ನ ಪ್ರಶ್ನೆ ಮಾಡಿದ್ದು ನಮ್ಮವನೇ. ಇಂದೋರಿನ ಮೆಡಿಕಲ್ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್. ಆಪರೇಷನ್ನಿಗೆ ಮೊದಲು ಪರವಾಗಿಲ್ಲ ಅನ್ನೋ ಹಾಗಿದ್ದ ಕೂಸುಗಳು ವಾಪಸ್ ಬರುವಾಗ ಯಾಕೆ ಇಷ್ಟು ಕಂಗೆಟ್ಟಿರ್ತವೆ ಅನ್ನೋದು ಅವನ ಪ್ರಶ್ನೆ. ಒಂದು ಗುಂಪಿಗೆ ಫೆಂಟನಿಲ್ ಅನ್ನೋ ನೋವು ನಿವಾರಕ ಸೇರಿಸಿ ಕೊಟ್ಟು, ಇನ್ನೊಂದಕ್ಕೆ ಹಳೇ ಪದ್ಧತಿಯಂತೆ ಕೊಟ್ಟು ರಕ್ತ ಪರೀಕ್ಷೆ ಮಾಡಿದ. ನೋವು ನಿವಾರಕ ಸಿಕ್ಕ ಕೂಸುಗಳಲ್ಲಿ ಒತ್ತಡದ ಹಾರ್ಮೋನು ಕಮ್ಮಿ, ಆಮೇಲಿನ ತೊಂದರೆಯೂ ಕಮ್ಮಿ. 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂತು. ಅದಾದ ಮೇಲೆ ಯಾರೂ 'ಕೂಸಿಗೆ ಗೊತ್ತಾಗಲ್ಲ' ಅಂತ ಧೈರ್ಯವಾಗಿ ಹೇಳಲಿಲ್ಲ. 1987 ಅಂದರೆ ನನ್ನ ವಯಸ್ಸಿನವರು ಹುಟ್ಟುತ್ತಿದ್ದ ಕಾಲ. ಅಷ್ಟು ಹತ್ತಿರದ್ದು.

ಇನ್ನು ತೂತಿನ ಆಪರೇಷನ್. ಜರ್ಮನಿಯ ಕರ್ಟ್ ಜೆಮ್ 1980ರಲ್ಲಿ ಹೊಟ್ಟೆ ಸೀಳದೆ ತೂತಿನಿಂದಲೇ ಅಪೆಂಡಿಕ್ಸ್ ತೆಗೆದಾಗ ಅಲ್ಲಿನ ಸರ್ಜನ್ನುಗಳು ಅವನ ಮೇಲೆ ಮುಗಿಬಿದ್ದಿದ್ದರು. ಹತ್ತೇ ವರ್ಷಕ್ಕೆ, 1990ರಲ್ಲಿ, ಮುಂಬೈಯ ತೆಹಮ್‌ಟನ್ ಉದ್ವಾಡಿಯಾ ಭಾರತದಲ್ಲಿ ಮೊದಲ ಸಲ ಈ ವಿಧಾನದಲ್ಲಿ ಪಿತ್ತಕೋಶ ತೆಗೆದರು. ಮಕ್ಕಳ ಹರ್ನಿಯಾ, ಕೆಳಗಿಳಿಯದ ವೃಷಣ ಎಲ್ಲಾ ಆಮೇಲೆ ಈ ದಾರಿಗೇ ಬಂದವು.

ಗಾಯ ಸಣ್ಣದು, ಹಾಗಾಗಿ ಮತ್ತೂ ಸಣ್ಣದೇ ಸಾಕು ಅಂತ ನಾನು ತಿಳಕೊಂಡಿದ್ದೆ. ಅದು ಉಲ್ಟಾ. ಒಳಗೆ ಕ್ಯಾಮೆರಾ ಕಾಣಬೇಕಾದರೆ ಹೊಟ್ಟೆಯನ್ನ ಬಲೂನಿನ ಹಾಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಬೇಕು. ಆ ಗಾಳಿ ವಪೆಯನ್ನ ಮೇಲಕ್ಕೆ ಒತ್ತುತ್ತೆ, ಪುಟ್ಟ ಶ್ವಾಸಕೋಶಕ್ಕೆ ಜಾಗ ಸಾಲಲ್ಲ. ಅನಿಲ ರಕ್ತಕ್ಕೂ ಸೇರುತ್ತೆ, ಅದನ್ನ ಉಸಿರಿನಲ್ಲೇ ಹೊರಗೆ ಹಾಕಬೇಕು. ಅದಕ್ಕೇ ಮಕ್ಕಳಿಗೆ ದೊಡ್ಡವರಿಗಿಂತ ಕಮ್ಮಿ ಒತ್ತಡ ಇಡ್ತಾರೆ, ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು ಉಸಿರಾಟವನ್ನ ಯಂತ್ರದ ಕೈಗೆ ಒಪ್ಪಿಸ್ತಾರೆ. ಮಂಪರಿನ ಔಷಧಿ ಬೇರೆ, ಅರಿವಳಿಕೆ ಬೇರೆ. ಮಂಪರು ಬಾಗಿಲವರೆಗೆ ಕೈ ಹಿಡಿದು ಕರಕೊಂಡು ಹೋಗೋದು. ಬಾಗಿಲಾಚೆಯ ಕೆಲಸ ಅರಿವಳಿಕೆಯದ್ದು.

ಆ ಬಾಗಿಲವರೆಗಿನ ಔಷಧಿಗಳಿಗೂ ಒಂದೊಂದು ಚರಿತ್ರೆ ಇದೆ. ಕೆಟಮಿನ್ 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ತಯಾರಾಯ್ತು, 1964ರಲ್ಲಿ ಎಡ್ವರ್ಡ್ ಡೊಮಿನೊ ಮನುಷ್ಯರ ಮೇಲೆ ಮೊದಲು ಬಳಸಿದ. ಉಸಿರನ್ನ ಅಷ್ಟಾಗಿ ತಗ್ಗಿಸಲ್ಲ, ನೋವನ್ನೂ ಕಳೆಯುತ್ತೆ. ದೊಡ್ಡ ಯಂತ್ರ ಇಲ್ಲದ ಆಸ್ಪತ್ರೆಗಳ ಪಾಲಿಗೆ ಅದು ದೇವರು. ಆದರೆ ಏಳುವಾಗ ಕೆಲವರಿಗೆ ಕೆಟ್ಟ ಕನಸು, ಭ್ರಮೆ. 1970ರ ದಶಕದಲ್ಲಿ ಬಂದ ಮಿಡಜೋಲಂ ಭಯವನ್ನೇ ಇಳಿಸೋ ಔಷಧಿ. ಸಿರಪ್ಪಿನ ಹಾಗೆ ಕುಡಿಸಬಹುದು, ಸೂಜಿ ಬೇಡ. ಸಾಮಾನ್ಯವಾಗಿ ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕ. ಅರ್ಧ ಗಂಟೆಯಲ್ಲಿ ಮಗು ನಗ್ತಾ ಅಮ್ಮನ ಕೈ ಬಿಡುತ್ತೆ, ಆಮೇಲೆ ಮಾಸ್ಕ್ ಹಾಕಿದ್ದು ಅದಕ್ಕೆ ನೆನಪೇ ಇರಲ್ಲ. ಇನ್ನೂ ಹೊಸದು ಡೆಕ್ಸ್‌ಮೆಡಿಟೊಮಿಡಿನ್, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಮೂಗಿಗೆ ಹನಿ ಬಿಟ್ಟರೆ ಸಾಕು. ನಿಧಾನ, ಆದರೆ ಸಹಜ ನಿದ್ದೆಗೆ ಹತ್ತಿರ. ಎಚ್ಚರ ಆಗುವಾಗ ಎಷ್ಟೋ ಮಕ್ಕಳು ಗಾಬರಿಯಾಗಿ ಕಿರುಚಾಡ್ತವೆ, ಅದನ್ನೂ ಇದು ಕಮ್ಮಿ ಮಾಡುತ್ತೆ. ಅವ್ವನ ಸಾಣೆಕಲ್ಲಿನ ಸುತ್ತಿನಿಂದ ಮೈಕ್ರೋಗ್ರಾಂವರೆಗೆ ಬಂದ ದಾರಿ ಇದು.

ಈಗ ಬಿಸ್ಕತ್ತು. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಹೆರಿಗೆ ವೇಳೆ ಅರಿವಳಿಕೆ ಪಡೆದವರಲ್ಲಿ 66 ಜನರ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದದ್ದನ್ನ ವರದಿ ಮಾಡಿದ. ಎಚ್ಚರ ಇದ್ದಾಗ ಕೆಮ್ಮು ನಮ್ಮನ್ನ ಕಾಯುತ್ತೆ. ಅರಿವಳಿಕೆಯಲ್ಲಿ ಕಾವಲುಗಾರನೂ ಮಲಗಿರ್ತಾನೆ. ಹೊಟ್ಟೆಯ ಆಮ್ಲ ಶ್ವಾಸಕೋಶ ಸುಡುತ್ತೆ, ತುಣುಕು ಸಿಕ್ಕಿದರೆ ಉಸಿರೇ ಕಟ್ಟುತ್ತೆ. ಗಾಳಿ ತುಂಬಿ ಹೊಟ್ಟೆ ಒತ್ತೋ ಆಪರೇಷನ್ನಿನಲ್ಲಂತೂ ಕೇಳೋದೇ ಬೇಡ. ಅದಕ್ಕೇ ಆರು-ನಾಲ್ಕು-ಎರಡರ ಲೆಕ್ಕ: ಊಟ, ತಿಂಡಿ, ಹಸುವಿನ ಹಾಲಿಗೆ ಆರು ಗಂಟೆ, ತಾಯಿ ಹಾಲಿಗೆ ನಾಲ್ಕು, ಬರೀ ನೀರಿಗೆ ಎರಡು.

ಅವತ್ತು ಬೆಳಗ್ಗೆ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ನಿಜ ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತೆ. ನನಗೆ ಒಂದೇ ದಿನ ರಜೆ, ಮಾರನೇ ದಿನ ರಿಲೀಸು. ಅಕ್ಕ ಅಂದಳು, "ಎರಡು ಬಿಸ್ಕತ್ತಿಗೆ ಏನಾಗುತ್ತೋ, ಸುಮ್ಮನಿರೋ." ನಾನೂ ಹತ್ತು ನಿಮಿಷ ಸುಮ್ಮನಿದ್ದೆ. ಆ ಹತ್ತು ನಿಮಿಷ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ. ಕೊನೆಗೆ ಫೋನ್ ಮಾಡಿ ಹೇಳಿದೆ. ಬೈಗುಳ ಬೀಳುತ್ತೆ ಅಂದುಕೊಂಡಿದ್ದೆ. ಆ ಕಡೆಯಿಂದ "ಹೇಳಿದ್ದು ಒಳ್ಳೇದಾಯ್ತು ಬಿಡಿ" ಅನ್ನೋ ಮಾತು ಬಂತು. ಅವತ್ತಿನ ಪಟ್ಟಿ ತುಂಬಿತ್ತು, ಮಾರನೇ ದಿನ ಬೆಳಗ್ಗೆ ಅಂತಾಯ್ತು. ರಿಲೀಸು ನಾನಿಲ್ಲದೆಯೂ ಆಯ್ತು.

ಮಾರನೇ ದಿನ ಹುಡುಗನಿಗೆ ಸಿರಪ್ ಕುಡಿಸಿದರು. "ಕಹಿ" ಅಂತ ಮುಖ ಹಿಂಡಿದ. ಇಪ್ಪತ್ತು ನಿಮಿಷಕ್ಕೆ ನನ್ನ ಮೂಗು ಹಿಡಿದು ಕಿಸಕ್ಕನೆ ನಗೋಕೆ ಶುರು ಮಾಡಿದ. ಒಳಗೆ ಕರಕೊಂಡು ಹೋಗುವಾಗ ಅಳಲಿಲ್ಲ. ಅತ್ತಿದ್ದು ಅವ್ವ.

ಒಂದೂವರೆ ಗಂಟೆಗೆ ಕರೆದರು. ಹುಡುಗ ಕಣ್ಣು ಅರೆ ತೆರೆದು ಅಜ್ಜಿ ಕಡೆ ನೋಡಿ ಕೇಳಿದ: "ಅಜ್ಜೀ, ಬಿಸ್ಕತ್ತು?"

ಅವ್ವನಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. "ಮತ್ತು ಕೊಟ್ಟಿದ್ದಕ್ಕೆ ಮುಂದೆ ಬುದ್ಧಿ ಮಂದ ಆಗಲ್ಲವಾ?" ಇದು ಹಳ್ಳಿಯ ಮೂಢನಂಬಿಕೆ ಅಂತ ನಗಬೇಡಿ, ಡಾಕ್ಟರುಗಳೂ ಇದನ್ನೇ ಕೇಳಿಕೊಂಡಿದ್ದಾರೆ. 7 ದೇಶ, 28 ಆಸ್ಪತ್ರೆ, ಹರ್ನಿಯಾ ಆಪರೇಷನ್ನಿನ 722 ಹಸುಗೂಸುಗಳು: ಕೆಲವಕ್ಕೆ ಪೂರ್ತಿ ಅರಿವಳಿಕೆ, ಕೆಲವಕ್ಕೆ ಎಚ್ಚರ ಇಟ್ಟೇ ಸೊಂಟದ ಕೆಳಗೆ ಮರಗಟ್ಟಿಸಿ ಮಾಡಿ, ಐದು ವರ್ಷ ತುಂಬಿದಾಗ ಬುದ್ಧಿ ಅಳೆದರು. 2019ರಲ್ಲಿ ಫಲಿತಾಂಶ ಬಂತು. ಒಂದು ಗಂಟೆಯೊಳಗಿನ ಒಂದು ಸಲದ ಅರಿವಳಿಕೆಯಿಂದ ವ್ಯತ್ಯಾಸ ಏನೂ ಕಾಣಲಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಮತ್ತೆ ಮತ್ತೆ ಕೊಡಬೇಕಾದಾಗ ಯೋಚನೆ ಮಾಡಿ ಅಂತ ಅಮೆರಿಕದ ಔಷಧಿ ಇಲಾಖೆ 2016ರಲ್ಲೇ ಎಚ್ಚರಿಸಿದೆ. ಅವ್ವನಿಗೆ ಇಷ್ಟನ್ನೂ ಹೇಳಿದೆ. "ಹೂಂ, ಅದನ್ನ ಮೊದಲೇ ಹೇಳಬಾರದಾ?" ಅಂದಳು.

ಮೊನ್ನೆ ಊರಿಗೆ ಹೋಗಿದ್ದೆ. ಪಕ್ಕದ ಮನೆಯ ಮಗುವಿಗೆ ಚಿತ್ರದುರ್ಗದಲ್ಲಿ ಆಪರೇಷನ್ ಅಂತೆ. ಕಟ್ಟೆ ಮೇಲೆ ಕೂತು ಅವ್ವ ಆ ತಾಯಿಗೆ ಹೇಳ್ತಿದ್ದಳು. "ರಾತ್ರಿಯಿಂದ ಏನೂ ಕೊಡಬ್ಯಾಡ. ಅಕಸ್ಮಾತ್ ತಿಂದ್ಬಿಟ್ಟಿದ್ರೆ ತಿಂದೈತೆ ಅಂತ ಹೇಳಿಬಿಡು. ನಾಚಿಕೆ ಪಡಬ್ಯಾಡ. ಹೇಳಿದ್ರೆ ಒಂದು ದಿನ ಹೋಗುತ್ತೆ, ಅಷ್ಟೇ."